ತುಳುಕುವ ಮೊದಲು

ಆ ಊರಿಗೆ ಓದಲು ಬರುವವರು ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಭರಣಿಯ ಜೊತೆಗೆ ಒಂದು ಬಾಗಿಲನ್ನೂ ಹೊತ್ತು ತರಬೇಕಿತ್ತು. ಯಾವ ಬಾಗಿಲು ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯ ಯಾವ ಕೋಣೆಯಲ್ಲಿ ಆಗಬಾರದ್ದು ಆಗಿತ್ತೋ ಆ ಕೋಣೆಯ ಬಾಗಿಲು. ಅದನ್ನು ಚೌಕಟ್ಟಿನ ಸಮೇತ ಕಿತ್ತು, ಗೋಣಿತಾಟಿನಲ್ಲಿ ಸುತ್ತಿ, ದಬ್ಬಳದಿಂದ ಹೊಲಿದು, ಮನೆಯವರೇ ಮಗನ ಬೆನ್ನಿಗೋ ಮಗಳ ಬೆನ್ನಿಗೋ ಹಗ್ಗದಿಂದ ಬಿಗಿದು ಕಳಿಸುತ್ತಿದ್ದರು. ಹೊಲಿಗೆ ಬಿಚ್ಚಬೇಡ, ಮಾನ ಹೋಗುತ್ತೆ ಎಂದು ತಾಯಂದಿರು ಬಸ್ಸಿನ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದರು. ಆಮೇಲೆ, ಹೊತ್ತು ಹೊತ್ತಿಗೆ ಊಟ ಮಾಡು ಎನ್ನುತ್ತಿದ್ದರು.

ಏನೂ ಆಗದ ಮನೆಗಳೂ ಇರುತ್ತವಲ್ಲ, ಅಲ್ಲಿಂದ ಬಂದವರ ಪಾಡು ಯಾರಿಗೂ ಬೇಡ. ಒಬ್ಬ ಬೀರುವಿನ ಬಾಗಿಲು ತಂದು ವರ್ಷವಿಡೀ ನಾಚಿಕೊಂಡು ಓಡಾಡಿದ. ಇನ್ನೊಬ್ಬಳು ಕೋಳಿಗೂಡಿನ ಬಾಗಿಲು ತಂದಿದ್ದಳು. ಯಾರೂ ನೋಡದಾಗ ಅದನ್ನು ತಾನೇ ಬೆರಳಿನಿಂದ ಟಕಟಕ ಬಡಿದುಕೊಳ್ಳುತ್ತಿದ್ದಳು.

ಯಾಕೆಂದರೆ ಉಳಿದವರ ಬಾಗಿಲುಗಳೆಲ್ಲ ಒಳಗಿನಿಂದ ಬಡಿಯುತ್ತಿದ್ದವು. ಪಾಠದ ನಡುವೆ ಬಡಿಯುತ್ತಿದ್ದವು, ತುತ್ತು ಬಾಯಿಗಿಡುವಾಗ ಬಡಿಯುತ್ತಿದ್ದವು, ಒಬ್ಬರಿಗೊಬ್ಬರು ಮುತ್ತು ಕೊಡಲು ಮುಖ ಹತ್ತಿರ ತಂದಾಗಂತೂ ಎರಡು ಬಾಗಿಲೂ ಸೇರಿ ಬಡಿಯುತ್ತಿದ್ದವು. ಒಳಗಿರುವುದು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಂದು ಆ ಕೋಣೆಯಲ್ಲಿ ಕೈ ಎತ್ತಿದವನೇ ಇದ್ದಾನೆ, ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಾನೆ, ಮನಸ್ಸು ಬಂದ ದಿನ ಹೊರಗೆ ಬಂದು ಮತ್ತೆ ಕೈ ಎತ್ತುತ್ತಾನೆ. ಪ್ರತಿ ಬಾಗಿಲಿನ ಗೋಣಿಯ ಅಡಿ, ಕೈಗೆ ಸಿಗುವ ಎತ್ತರದಲ್ಲಿ, ಒಂದು ಉಬ್ಬು ಇರುತ್ತಿತ್ತು. ಅದು ಮರದ ಗಂಟು ಎಂದು ಎಲ್ಲರೂ ನಂಬಿದ್ದರು.

ಕಾಲೇಜಿನ ಕಮಾನಿನ ಮೇಲೆ "ಬಡಿದರೆ ತೆರೆಯಬಾರದು" ಎಂದು ಕೆತ್ತಿತ್ತು. ಅದರ ಅರ್ಥವನ್ನು ಪ್ರಾಂಶುಪಾಲರು ವರ್ಷಕ್ಕೊಮ್ಮೆ ವಿವರಿಸುತ್ತಿದ್ದರು. ಅವರ ಮೇಜು ಎಂದರೆ ಅವರದೇ ಬಾಗಿಲು. ಹಳೆಯ ಗೋಣಿಯ ಮೇಲೆ ಗಾಜು ಹಾಸಿ, ಅದರ ಮೇಲೆ ಟೀ ಲೋಟ ಇಟ್ಟುಕೊಂಡು ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು. ಮಾತಿನ ನಡುವೆ ಬಾಗಿಲು ಬಡಿದು ಲೋಟ ಕುಣಿದರೆ, ಟೀ ಚೆಲ್ಲುವ ಮೊದಲು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದರು. ಬಡಿತದ ಸಮಸ್ಯೆಗೆ ಪರಿಹಾರ ಹುಡುಕಲು ಅವರೇ ಒಂದು ಸಮಿತಿ ಮಾಡಿದ್ದರು. ಸಮಿತಿ ಬಹಳ ವರ್ಷ ಯೋಚಿಸಿ, ಇನ್ನೊಂದು ಸುತ್ತು ಗೋಣಿ ಹೊಲಿಯಿರಿ ಎಂದಿತು.

ಪರಿಹಾರವನ್ನು ಹುಡುಗರು ತಾವೇ ಹುಡುಕಿಕೊಂಡರು. ಕಾಲೇಜಿನ ಎದುರಿಗಿದ್ದ ಅಂಗಡಿಯಲ್ಲಿ ಒಂದು ಪೇಯ ಸಿಗುತ್ತಿತ್ತು. ಅದರ ಹೆಸರು ಸುಮ್ನಿರು. ಅಂಗಡಿಯವನು ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡಿ ಅಳತೆ ಹಾಕುತ್ತಿದ್ದ. ಸುಮ್ನಿರು ಗಂಟಲಿಗಿಳಿದರೆ ಬಡಿತ ನಿಲ್ಲುತ್ತಿತ್ತು ಎನ್ನುತ್ತಾರೆ. ನನ್ನ ಕೇಳಿದರೆ ಬಡಿತ ನಿಲ್ಲುತ್ತಿರಲಿಲ್ಲ, ಕಿವಿ ಮುಚ್ಚುತ್ತಿತ್ತು. ಆದರೆ ನನ್ನ ಯಾರು ಕೇಳುತ್ತಾರೆ.

ಕುಡಿತಕ್ಕೂ ಅವರು ಒಂದು ಆಚಾರ ಮಾಡಿಕೊಂಡಿದ್ದರು. ಮಧ್ಯಾಹ್ನದ ಊಟ ಮುಗಿದ ಮೇಲೆ ಹಾಸ್ಟೆಲ್ಲಿನ ಹಿಂದೆ, ಹುಲ್ಲು ಬೆಳೆದ ಆಟದಂಗಳದಲ್ಲಿ, ಎಲ್ಲರೂ ಬೆನ್ನಿನ ಬಾಗಿಲು ಇಳಿಸಿ ನೆಲಕ್ಕೆ ಹಾಸುತ್ತಿದ್ದರು. ಗಂಟನ್ನು ತಪ್ಪಿಸಿ, ಸಮತಟ್ಟಾದ ಜಾಗ ನೋಡಿ, ಲೋಟವನ್ನು ಕಂಠಪೂರ್ತಿ ತುಂಬಿ ತಮ್ಮ ತಮ್ಮ ಬಾಗಿಲ ಮೇಲೆ ಇಡುತ್ತಿದ್ದರು. ಆಮೇಲೆ ಸುತ್ತ ಕೂತು ಕಾಯುತ್ತಿದ್ದರು. ಬಾಗಿಲು ಬಡಿಯುವುದು, ಲೋಟ ನಡುಗುವುದು, ತುಳುಕುವ ಮೊದಲು ಕುಡಿಯುವುದು. ಮತ್ತೆ ತುಂಬುವುದು. ಮತ್ತೆ ಬಡಿಯುವುದು, ನಡುಗುವುದು, ಕುಡಿಯುವುದು. ಒಂದು ಹನಿ ಗೋಣಿಯ ಮೇಲೆ ಬಿದ್ದರೂ ತಪ್ಪು, ತಪ್ಪಿಗೆ ದುಪ್ಪಟ್ಟು. ತುಳುಕುವ ಮೊದಲು, ತುಳುಕುವ ಮೊದಲು ಎಂದು ಉಳಿದವರು ತೊಡೆ ತಟ್ಟಿ ಹಾಡುತ್ತಿದ್ದರು.

ಯಾರ ಬಾಗಿಲು ಎಲ್ಲಕ್ಕಿಂತ ಜೋರಾಗಿ ಬಡಿಯುತ್ತದೋ ಅವನೇ ರಾಜ.

ಕುಡಿದವರ ಕಾಲು ಮುಂದೆ ಹೋಗುತ್ತಿತ್ತು, ತಲೆ ಹಿಂದಿನಿಂದ ಬರುತ್ತಿತ್ತು. ಕೋತಿಗೆ ಹೆಂಡ ಕುಡಿಸಿದರೆ ಕೋತಿಯಾದರೂ ಮರ ನೋಡಿ ಹಾರುತ್ತದೆ. ಇವರು ಹಾರಿದ ಮೇಲೆ ಮರ ಹುಡುಕುತ್ತಿದ್ದರು. ಒಬ್ಬ ಅರ್ಧ ಮೀಸೆ ಬೋಳಿಸಿಕೊಂಡು ಪರೀಕ್ಷೆಗೆ ಹೋದ. ಒಬ್ಬಳು ಓಡುವ ಬಸ್ಸಿನಿಂದ ಇಳಿದು, ಯಾಕಿಳಿದೆ ಎಂದು ಕಂಡಕ್ಟರನನ್ನೇ ಕೇಳಿದಳು. ಎಲ್ಲರೂ ನಗುತ್ತಿದ್ದರು. ಹೋದ ವರ್ಷದ ರಾಜ ಒಂದು ದಿನ ನೀರಿನ ಟ್ಯಾಂಕು ಹತ್ತಿ, ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟ. ಆಗಲೂ ಮೊದಲಿಗೆ ಕೆಲವರು ನಕ್ಕರು.

ಅವನ ಬಾಗಿಲು ಉಳಿಯಿತು. ಕಾಲೇಜಿನವರು ಅದನ್ನು ಆಫೀಸಿನ ಗೋಡೆಗೆ ಒರಗಿಸಿ ನೋಟೀಸು ಬೋರ್ಡು ಮಾಡಿಕೊಂಡರು. ಹೊತ್ತವನು ಹೋದರೂ ಅದು ಬಡಿಯುವುದನ್ನು ಬಿಡಲಿಲ್ಲ. ವೇಳಾಪಟ್ಟಿ, ರಜೆಯ ಪ್ರಕಟಣೆ, ಕಳೆದುಹೋದ ಛತ್ರಿಯ ವಿವರ ಎಲ್ಲವೂ ಅದರ ಮೇಲೆ ಸದಾ ಪಟಪಟ ಅಲ್ಲಾಡುತ್ತಿದ್ದವು. ಗಾಳಿ ಎಂದು ಓದುವವರು ಕೈಯಿಂದ ಒತ್ತಿ ಹಿಡಿದು ಓದುತ್ತಿದ್ದರು.

ಈ ವರ್ಷದ ರಾಜನಿಗೆ ಲೋಟ ತುಂಬಿಕೊಡುತ್ತಿದ್ದವಳೊಬ್ಬಳು ಇದ್ದಳು. ಸುರಿಯುವವಳು ಎಂದೇ ಅವಳನ್ನು ಕರೆಯುತ್ತಿದ್ದರು. ಕೈ ನಡುಗದೆ, ಲೋಟದ ಅಂಚಿಗೆ ಸರಿಯಾಗಿ ತಂದು ನಿಲ್ಲಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಬಾಗಿಲು ಬಲು ಮೆಲ್ಲಗೆ ಬಡಿಯುತ್ತಿತ್ತು, ಕಿವಿಗೊಟ್ಟರಷ್ಟೇ ಕೇಳಬೇಕು. ಹಾಗಾಗಿ ಆಟದಲ್ಲಿ ಅವಳಿಗೆ ಸ್ಥಾನವಿರಲಿಲ್ಲ. ಬಾಟಲಿಯ ತಳದಲ್ಲಿ ಉಳಿದದ್ದು ಸುರಿಯುವವಳ ಪಾಲು ಎಂಬ ಪದ್ಧತಿಯಿತ್ತು. ಅವಳು ತಳದಲ್ಲಿ ಧಾರಾಳವಾಗಿಯೇ ಉಳಿಸುತ್ತಿದ್ದಳು. ಅವಳ ಲೋಟ ತುಳುಕುತ್ತಿರಲಿಲ್ಲ, ಬರೀ ನಡುಗುತ್ತಿತ್ತು. ಅವಳು ನಡುಗುವ ಮೊದಲೇ ಕುಡಿಯುತ್ತಿದ್ದಳು.

ರಾಜನೆಂದರೆ ಅವಳಿಗೆ ಪ್ರಾಣ. ಪ್ರೀತಿಯೋ ಎಂದು ಕೇಳಿದವರಿಗೆ ಬೈಗುಳ ಸಿಗುತ್ತಿತ್ತು. ಅವನ ಬಾಗಿಲು ಬಡಿದರೆ ಪಕ್ಕದವರ ಲೋಟಗಳೂ ನಡುಗುತ್ತಿದ್ದವು. ಆಗ ಅವನು ಎದೆಯುಬ್ಬಿಸಿ ನಗುತ್ತಿದ್ದ. ನಗುವಾಗ ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ಹಿಂದೆ ಕೂತು ಸುರಿಯುವವಳಿಗೆ ಮಾತ್ರ ಕಾಣುತ್ತಿತ್ತು. ಕಾಲೇಜು ದಿನಾಚರಣೆಗೆ ಹೋದ ವರ್ಷದವನ ಲೋಟಗಳ ದಾಖಲೆ ಮುರಿಯುತ್ತೇನೆ ಎಂದು ಅವನು ಸಾರಿದ ದಿನ ಎಲ್ಲರೂ ಚಪ್ಪಾಳೆ ಹೊಡೆದರು. ಅವಳ ಕೈ ಮೊದಲ ಸಲ ತಪ್ಪಿ, ಒಂದು ಹನಿ ಗೋಣಿಯ ಮೇಲೆ ಬಿತ್ತು. ರಾಜ ಬೆಚ್ಚಿಬಿದ್ದ. ಹನಿ ಬಿದ್ದದ್ದಕ್ಕೆ ಅಷ್ಟು ದೊಡ್ಡ ಆಳು ಅಷ್ಟು ಹೆದರಬೇಕೇ ಎಂದು ಅವಳಿಗೆ ಅನ್ನಿಸಿತು, ಆದರೆ ಕೇಳಲಿಲ್ಲ. ಬೇರೆಯವರ ಬಾಗಿಲಿನ ವಿಷಯ ಕೇಳುವುದು ಆ ಊರಲ್ಲಿ ಬಚ್ಚಲಿನೊಳಗೆ ಇಣುಕಿದಷ್ಟೇ ಕೆಟ್ಟದ್ದು.

ದಿನಾಚರಣೆಯ ಮಧ್ಯಾಹ್ನ ಆಟ ರಂಗೇರಿತ್ತು. ಬಡಿಯಿತು, ನಡುಗಿತು, ಕುಡಿದ. ಬಡಿಯಿತು, ನಡುಗಿತು, ಕುಡಿದ. ಅಷ್ಟರಲ್ಲಿ ವಾರ್ಡನ್ನಿನ ಸೀಟಿ ಕೇಳಿಸಿತು. ಮದುವೆ ಮನೆಯಲ್ಲಿ ಊಟಕ್ಕೆ ಕರೆದಾಗ ಚಪ್ಪಲಿಗಳಿಗೆ ಏನಾಗುತ್ತದೋ ಅಂಗಳದಲ್ಲಿ ಬಾಗಿಲುಗಳಿಗೆ ಅದೇ ಆಯಿತು. ಎಲ್ಲವೂ ಗೋಣಿ, ಎಲ್ಲವೂ ಒಂದೇ ಹೊಲಿಗೆ. ಕೈಗೆ ಸಿಕ್ಕಿದ್ದನ್ನು ಬೆನ್ನಿಗೇರಿಸಿಕೊಂಡು ದಿಕ್ಕಾಪಾಲಾಗಿ ಓಡಿದರು. ಸುರಿಯುವವಳು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿ ಕೂತಳು.

ಕೂತ ಮೇಲೆ ಬೆನ್ನಿಗೆ ಗುದ್ದಿದಂತೆ ಬಡಿತ ಬಿತ್ತು. ಅದು ಅವಳದಲ್ಲ, ರಾಜನದು. ತನ್ನದಾಗಿದ್ದರೆ ಅವಳು ಅಷ್ಟು ಹೊತ್ತಿಗೆ ಬಾಟಲಿಗೆ ಕೈ ಹಾಕಿರುತ್ತಿದ್ದಳು. ಇದು ಇನ್ನೊಬ್ಬರದು, ಇದರ ಬಗ್ಗೆ ಅವಳಿಗೆ ಭಯವಿರಲಿಲ್ಲ. ಭಯವಿಲ್ಲದ್ದರಿಂದ ಕೇಳಿಸಿಕೊಂಡಳು. ಬಡಿತಕ್ಕೂ ಬಡಿತಕ್ಕೂ ನಡುವೆ ಒಂದು ದನಿಯಿತ್ತು. ಕೈ ಎತ್ತುವವರ ದನಿಯಲ್ಲ, ಇನ್ನೂ ಒಡೆಯದ ಗಂಟಲಿನ, ಅತ್ತು ಅತ್ತು ಒಣಗಿದ ಹುಡುಗನ ದನಿ.

"ನೀರು. ಯಾರಾದ್ರೂ ಒಂಚೂರು ನೀರು ಕೊಡಿ."

ಸುರಿಯುವವಳ ಅಮಲು ಅರ್ಧ ಇಳಿಯಿತು. ಯಾರು ನೀನು ಎಂದು ಗೋಣಿಗೆ ಬಾಯಿ ಹಚ್ಚಿ ಕೇಳಿದಳು. ಒಳಗಿನವನು ಒಂದೇ ಉಸಿರಿಗೆ ಹೇಳಿದ. ನೆಂಟರು ಬಂದಿದ್ದರಂತೆ. ಬಡಿಸುವಾಗ ಕೈ ತಪ್ಪಿ ಮಜ್ಜಿಗೆ ಚೆಲ್ಲಿತಂತೆ. ನೆಂಟರೆದುರು ಮಾನ ತೆಗೆದೆ ಎಂದು ಅಪ್ಪ ಹೊಡೆದು ಉಗ್ರಾಣಕ್ಕೆ ತಳ್ಳಿದರಂತೆ. ಬಡೀತಾನೇ ಇದ್ದೀನಿ, ಯಾರೂ ತೆಗೀತಿಲ್ಲ, ಮೇಲಿಂದ ಲೋಟದ ಸದ್ದು ಮಾತ್ರ ಕೇಳುತ್ತೆ, ಕುಡಿಯೋರು ಎಲ್ಲಾ ಅವರೇ ಕುಡೀತಾರೆ ಎಂದ. ಕೊನೆಯ ಮಾತಿನಲ್ಲಿ ಅಳುವಿಗಿಂತ ಸಿಟ್ಟು ಜಾಸ್ತಿಯಿತ್ತು.

ಅಷ್ಟು ಹೊತ್ತಿಗೆ ಮೈದಾನದ ಕಡೆಯಿಂದ ಗದ್ದಲ ಎದ್ದಿತು. ರಾಜ ಟ್ಯಾಂಕು ಹತ್ತಿದ್ದಾನೆ ಎಂದು ಯಾರೋ ಕೂಗಿಕೊಂಡು ಓಡಿದರು.

ಆದದ್ದು ಇಷ್ಟು. ಓಟದ ನಡುವೆ ಇದ್ದಬದ್ದ ಬಾಟಲಿಯನ್ನೂ ಮುಗಿಸಿದ್ದ ರಾಜನಿಗೆ ತನ್ನ ಬೆನ್ನು ಹಗುರಾದದ್ದು ತಿಳಿಯಿತು. ಬಡಿತವಿಲ್ಲ. ಹುಟ್ಟಿದಾರಭ್ಯ ಎನ್ನುವಷ್ಟು ಕಾಲದಿಂದ ಇದ್ದ ಬಡಿತ ಇಲ್ಲ. ಬೆನ್ನ ಮೇಲಿರುವುದು ಸುರಿಯುವವಳ ಬಾಗಿಲು ಎಂದು ಯೋಚಿಸಲು ತಲೆ ಜೊತೆಯಲ್ಲಿರಬೇಕಲ್ಲ. ಒಳಗಿದ್ದವನು ಚಿಲಕ ತೆಗೆದು ಹೊರಗೆ ಬಂದೇಬಿಟ್ಟ, ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದಾನೆ ಎಂದುಕೊಂಡ. ಕಾಲು ಅವನನ್ನು ಊರಿನ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಒಯ್ದಿತು.

ಟ್ಯಾಂಕಿನ ಕೆಳಗೆ ಊರೇ ಸೇರಿತ್ತು. ಬಿಸಿಲು ಚೆನ್ನಾಗಿತ್ತು. ಪ್ರಾಂಶುಪಾಲರು ದಿನಾಚರಣೆಯ ಹಾರ ಹಾಕಿಕೊಂಡೇ ಬಂದು, ಟ್ಯಾಂಕು ಹತ್ತುವುದು ಯಾವ ನಿಯಮದ ಪ್ರಕಾರ ತಪ್ಪು ಎಂದು ಮೇಲಕ್ಕೆ ಕೂಗಿ ಹೇಳುತ್ತಿದ್ದರು. ಆಟದ ಗೆಳೆಯರಲ್ಲಿ ತೊಡೆ ತಟ್ಟಲು ಯಾರ ಕೈಯೂ ಏಳಲಿಲ್ಲ. ಸುರಿಯುವವಳು ಉಗ್ರಾಣದ ಬಾಗಿಲನ್ನು ಹೊತ್ತು ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟಳು. ಅಪ್ಪ ಅಮ್ಮನನ್ನೂ, ಬಾಗಿಲು ಮಾಡಿದ ಬಡಗಿಯನ್ನೂ, ಟ್ಯಾಂಕು ಕಟ್ಟಿದವನನ್ನೂ ಸೇರಿಸಿ ಬೈಯುತ್ತ ಹತ್ತಿದಳು. ಅವನು ಸತ್ತರೆ ನಾನು ಯಾರಿಗೆ ಸುರಿಯಲಿ ಎಂದುಕೊಂಡಳು. ಆಮೇಲೆ ಅದು ಸುಳ್ಳು ಎನಿಸಿ, ಅವನು ಸಾಯಬಾರದು ಎಂದು ನೇರವಾಗಿಯೇ ಅಂದುಕೊಂಡಳು.

ರಾಜ ಅಂಚಿನಲ್ಲಿ ನಿಂತಿದ್ದ. ಒಂದು ಪಾದದ ಬೆರಳುಗಳು ಆಚೆಗಿದ್ದವು.

"ಹತ್ತಿರ ಬರಬೇಡ ಕಣೆ," ಎಂದ. "ಅವನು ಹೊರಗೆ ಬಂದ್ಬಿಟ್ಟಿದ್ದಾನೆ. ಬಡಿತ ನಿಂತೋಗಿದೆ."

"ಬಂದಿಲ್ಲ ಕಣೋ. ಇಲ್ಲಿ ನನ್ನ ಬೆನ್ನ ಮೇಲಿದ್ದಾನೆ. ನೀನು ಹೊತ್ತಿರೋದು ನನ್ನದು."

ಅದೇ ಹೊತ್ತಿಗೆ ಅವಳ ಬೆನ್ನಿನಿಂದ ಬಡಿತ ಕೇಳಿಸಿತು. ರಾಜ ತಿರುಗಿ ನೋಡಿದ. ಸುರಿಯುವವಳು ಬಾಗಿಲನ್ನು ಇಳಿಸಿ ಟ್ಯಾಂಕಿನ ಮೇಲೆ ನಿಲ್ಲಿಸಿದಳು. ಬುದ್ಧಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ, ಹಾಗಾಗಿ ಹೇಳಲಿಲ್ಲ. ತಲೆಯ ಹೇರ್‌ಪಿನ್ನು ತೆಗೆದು ಗೋಣಿಯ ಹೊಲಿಗೆಗೆ ಹಾಕಿ ಸರ್ರನೆ ಎಳೆದಳು. ಉಳಿದದ್ದನ್ನು ಹಲ್ಲಿನಿಂದ ಕಚ್ಚಿ ಹರಿದಳು. ಮರದ ಗಂಟು ಎಂದು ಅವರೆಲ್ಲ ಲೋಟ ತಪ್ಪಿಸಿ ಇಡುತ್ತಿದ್ದ ಉಬ್ಬು ಬಿಸಿಲಿಗೆ ಬಂತು.

ಅದು ಚಿಲಕ. ಹೊರಗಡೆಯಿಂದ ಹಾಕಿತ್ತು.

ಹೊರಗಿನಿಂದ ಚಿಲಕ ಹಾಕಿದರೆ ಒಳಗಿರುವವನು ಹಾಕಿದವನಲ್ಲ ಎಂಬುದು ಅಂಗನವಾಡಿ ಮಗುವಿಗೂ ಗೊತ್ತಾಗುವ ಮಾತು. ಅಷ್ಟೊಂದು ಓದಿದವರು ತುಂಬಿದ್ದ ಊರಿನಲ್ಲಿ ಅದು ಅಂದೇ ಮೊದಲು ಒಬ್ಬನಿಗೆ ಹೊಳೆಯಿತು. ರಾಜ ಅಂಚಿನಿಂದ ಪಾದ ತೆಗೆದು, ಸರಿಯಾಗಿ ನೋಡಬೇಕೆಂದು ಈಚೆಗೆ ಬಂದ. ಅಪರೂಪಕ್ಕೆ ತಲೆ ಮುಂದೆ ಬಂದಿತ್ತು, ಕಾಲು ಅದರ ಹಿಂದೆ. ಚಿಲಕಕ್ಕೆ ಕೈ ಚಾಚಿದ, ಆದರೆ ಬೆರಳು ಬಿಗಿಯಲಿಲ್ಲ. ನೀನೇ ತೆಗಿ ಎಂದ. ಅವಳು ತೆಗೆದಳು.

ಉಗ್ರಾಣದ ಕತ್ತಲೆಯಿಂದ ಒಬ್ಬ ಹುಡುಗ ಹೊರಗೆ ಬಂದ. ಅಂಗಿಯ ಮೇಲೆ ಮಜ್ಜಿಗೆ ಒಣಗಿ ಬೆಳ್ಳಗಾಗಿತ್ತು. ಬಿಸಿಲಿಗೆ ಕಣ್ಣು ಮುಚ್ಚಿ ತೆರೆದು, ಇಬ್ಬರನ್ನೂ ನೋಡಿ, ನೀರು ಎಂದ. ಇಷ್ಟು ದೊಡ್ಡ ಟ್ಯಾಂಕಿನ ಮೇಲೆ ನಿಂತು ಯೋಚನೆ ಮಾಡ್ತೀರಲ್ಲ ಎನ್ನುವ ಹಾಗಿತ್ತು ಅವನ ಮುಖ. ರಾಜ ಸೊಂಟಕ್ಕೆ ಕಟ್ಟಿಕೊಂಡಿದ್ದ ರಾಜಲೋಟವನ್ನು ಬಿಚ್ಚಿ, ತಳದಲ್ಲಿದ್ದದ್ದನ್ನು ಹೊರಗೆ ಚೆಲ್ಲಿ, ಟ್ಯಾಂಕಿನ ಮುಚ್ಚಳ ಸರಿಸಿ ನೀರು ತುಂಬಿದ. ಅಭ್ಯಾಸಬಲ, ಕಂಠಪೂರ್ತಿ ತುಂಬಿದ. ಹುಡುಗ ಎರಡೂ ಕೈಯಲ್ಲಿ ಲೋಟ ಹಿಡಿದ. ಕೈ ನಡುಗಿತು. ನೀರು ತುಳುಕಿ ರಾಜನ ಪಾದದ ಮೇಲೆ ಬಿತ್ತು.

ರಾಜನ ಕೈ ತಾನಾಗಿಯೇ ಮೇಲೆದ್ದಿತು.

ಹುಡುಗ ಮೊಣಕೈಯಿಂದ ಮುಖ ಮುಚ್ಚಿಕೊಂಡ. ಕೆಳಗೆ ಪ್ರಾಂಶುಪಾಲರ ಮಾತು ಕೂಡ ನಿಂತಿತು. ರಾಜ ಗಾಳಿಯಲ್ಲಿ ನಿಂತ ಆ ಕೈಯನ್ನು ಯಾರದೋ ಎಂಬಂತೆ ನೋಡಿದ. ಅದು ಯಾರದು ಎಂದು ಅವನಿಗೆ ಗುರುತು ಸಿಕ್ಕಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗಿಳಿಸಿಕೊಂಡ. ಆಮೇಲೆ ಮಂಡಿಯೂರಿ ಕೂತ.

"ಚೆಲ್ಲಿದ್ರೆ ಚೆಲ್ಲಲಿ ಬಿಡೋ," ಎಂದ. "ಇನ್ನೂ ಟ್ಯಾಂಕ್ ತುಂಬ ಇದೆ."

ಹುಡುಗ ಕುಡಿದ. ಕುಡಿದು ಮತ್ತೆ ಕೇಳಿದ. ಗಲ್ಲದ ಮೇಲೆ, ಅಂಗಿಯ ಮೇಲೆ, ಟ್ಯಾಂಕಿನ ಮೇಲೆ ಧಾರಾಳವಾಗಿ ಚೆಲ್ಲಿಕೊಂಡು ಕುಡಿದ. ರಾಜ ಅವನನ್ನು ತಬ್ಬಿಕೊಂಡು ಮೂಗು ಸೋರಿಸಿಕೊಂಡು ಅತ್ತ. ಕುಡಿಯುವ ನೀರು ಗಲೀಜಾಗುತ್ತಿದೆ ಎಂದು ಪ್ರಾಂಶುಪಾಲರು ಕೆಳಗಿನಿಂದ ಮತ್ತೆ ಶುರು ಮಾಡಿದರು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದರೆ ಮೇಲಿರುವ ದೇವರು ಮೆಚ್ಚುವುದಿಲ್ಲ. ರಾಜ ಕುಡಿತ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಹುಡುಗ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಪ್ರತಿ ಪಾಠದ ನಡುವೆ ಒಂದಕ್ಕೆ ಬರುತ್ತೆ ಎಂದು ಪೀಡಿಸುತ್ತಿದ್ದ. ಸುರಿಯುವವಳು ತನ್ನ ಬಾಗಿಲನ್ನು ವಾಪಸು ಪಡೆದು ಬೆನ್ನಿಗೆ ಬಿಗಿದುಕೊಂಡಳು. ಅದನ್ನು ಹೊತ್ತು ಟ್ಯಾಂಕಿನ ಮೇಲೆ ನಿಂತಿದ್ದಾಗ ತನಗೂ ಏನೋ ಕೇಳಿಸಿತು, ಹೇಳಲಾ ಎಂದು ರಾಜ ಕೇಳಿದ. ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ನನ್ನದು ಅಂಥ ದೊಡ್ಡ ವಿಷಯವೇನಲ್ಲ, ಬಡಿತವೂ ಮೆಲ್ಲಗೆ, ನಾನು ನಿಭಾಯಿಸುತ್ತೇನೆ ಎಂದಳು. ಅಂದು ಸಂಜೆ ತಳದಲ್ಲಿ ಉಳಿದದ್ದನ್ನಲ್ಲ, ಇಡೀ ಬಾಟಲಿಯನ್ನೇ ಕುಡಿದಳು. ಇನ್ನೊಬ್ಬನ ಬಾಗಿಲು ತೆಗೆದವಳಿಗೆ ತನ್ನ ಬಾಗಿಲು ಬೆಟ್ಟವಾಗಿತ್ತು.

ಕೆಲವು ದಿನಗಳ ಮೇಲೆ ಒಂದು ನೋಟೀಸು ಬಂತು. ಟ್ಯಾಂಕಿನ ನೀರು ದಾಖಲಾದ ವಿದ್ಯಾರ್ಥಿಗಳಿಗೆ ಮಾತ್ರ, ಬಾಗಿಲೊಳಗಿನವರಿಗೆ ಕೊಡಕೂಡದು ಎಂದಿತ್ತು. ಸುರಿಯುವವಳು ಅದರ ಮುಂದೆ ನಿಂತು ಓದಿದಳು. ನೋಟೀಸು ಪಟಪಟ ಅಲ್ಲಾಡುತ್ತಿತ್ತು. ಒತ್ತಿ ಹಿಡಿಯಲೆಂದು ಅಂಗೈ ಇಟ್ಟಳು. ಕಾಗದದ ಅಡಿ, ಕೈಗೆ ಸಿಗುವ ಎತ್ತರದಲ್ಲಿ, ಉಬ್ಬು ಇತ್ತು.

ಅವಳು ನೋಟೀಸು ಕಿತ್ತಳು. ವೇಳಾಪಟ್ಟಿ ಕಿತ್ತಳು, ರಜೆ ಕಿತ್ತಳು, ಛತ್ರಿ ಕಿತ್ತಳು. ಗೋಣಿ ಹರಿದಳು. ಆಫೀಸಿನವರು ನೋಡುತ್ತಿದ್ದಂತೆಯೇ ಹೋದ ವರ್ಷದ ರಾಜನ ಚಿಲಕ ತೆಗೆದಳು. ಒಳಗಿನಿಂದ ಇನ್ನೂ ಚಿಕ್ಕವನೊಬ್ಬ ಹೊರಗೆ ಬಂದ. ಬಂದವನು ನೀರು ಕೇಳಲಿಲ್ಲ. ಆಚೆ ಈಚೆ ನೋಡಿದ.

"ನನ್ನ ಹೊತ್ಕೊಂಡಿದ್ದ ಅಣ್ಣ ಎಲ್ಲಿ?" ಎಂದ.

ಸುರಿಯುವವಳು ಆಫೀಸಿನ ಹೂಜಿಯಿಂದ ನೀರು ತಂದು ಕೊಟ್ಟಳು, ಅವನು ಕುಡಿದ, ಒಂದಿಷ್ಟು ಚೆಲ್ಲಿದ. ಅವಳು ಅವನೆದುರು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೋದ ವರ್ಷದವನ ಲೋಟವನ್ನೂ ತುಂಬಿಕೊಟ್ಟವಳು ಅವಳೇ.

ಚಿಕ್ಕವನು ಅವಳು ಅಳುವುದನ್ನು ನೋಡಿದ. ಆಮೇಲೆ ಕಿವಿ ನಿಮಿರಿಸಿ ಅವಳ ಹಿಂದೆ ಹೋಗಿ ನಿಂತ.

"ಅಕ್ಕಾ, ನಿಮ್ಮ ಬೆನ್ನ ಮೇಲೆ ಒಂದು ಹುಡುಗಿ ಇದಾಳೆ," ಎಂದ. "ನಾನು ಸುಮ್ನಿದೀನಿ, ನಾನು ಸುಮ್ನಿದೀನಿ ಅಂತ ಹೇಳ್ತಾನೇ ಇದಾಳೆ."

ಅವಳು ಎದ್ದು ಓಡಲು ನೋಡಿದಳು. ಕಾಲು ಎಂದಿನಂತೆ ಮುಂದೆ ಹೋಗಲು ಸಿದ್ಧವಾಗಿಯೇ ಇತ್ತು, ಎದುರಿಗೇ ಅಂಗಡಿಯಿತ್ತು. ಆದರೆ ಚಿಕ್ಕವನು ಆಗಲೇ ಗೋಣಿಯ ಹೊಲಿಗೆಗೆ ಬೆರಳು ಹಾಕಿ ಎಳೆಯುತ್ತಿದ್ದ. ಒಂದೊಂದೇ ದಾರ ಬಿಚ್ಚುವುದು ಅವಳಿಗೆ ಕೇಳಿಸಿತು. ಆಮೇಲೆ ಅವನು ತುದಿಗಾಲಲ್ಲಿ ನಿಂತು ಕೈ ಚಾಚಿದ್ದೂ ಗೊತ್ತಾಯಿತು. ಚಿಲಕ ಎಟುಕುತ್ತಿಲ್ಲ ಅಕ್ಕಾ ಎಂದ.

ಅವಳು ಬಗ್ಗಿದಳು.